ಬಿಚ್ಚಿಕೊಂಡು ಹೋಗಬಹುದಾದ ಕಾರ್ಡು

ನನ್ನ ಗೆಳೆಯನ ಹತ್ತಿರ ಕಂಪ್ಯೂಟರಿನಲ್ಲಿ ಗೇಮ್ ಓಡಿಸುವ ಒಂದು ಗ್ರಾಫಿಕ್ಸ್ ಕಾರ್ಡು, ನನ್ನ ಹತ್ತಿರ ಒಂದು. ಫಳ್ನೀರಿನ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡ ಒಂದೇ ಮಾಡೆಲ್. ಡಿಗ್ರಿಯ ಕೊನೆಯ ವರ್ಷ ನಾವು ಬಾಯಿಬಿಟ್ಟು ಕಾಯುತ್ತಿದ್ದ ಕಾರ್ ರೇಸಿನ ಗೇಮ್ ಬಂತು. ಎರಡೂ ಕಾರ್ಡುಗಳು ಕೈಯೆತ್ತಿದವು. ಪರದೆಯ ಮೇಲೆ ಕಾರು ಓಡುತ್ತಿರಲಿಲ್ಲ, ಮದುವೆ ಆಲ್ಬಮ್ ತಿರುವಿದ ಹಾಗೆ ಒಂದೊಂದೇ ಫೋಟೋ ಬರುತ್ತಿತ್ತು.

ದಾರಿ ಎರಡಿದ್ದವು. ಎರಡು ಕಾರ್ಡುಗಳನ್ನೂ ಒಂದೇ ಕಂಪ್ಯೂಟರಿನಲ್ಲಿ ಜೋಡಿಸಿ ದುಡಿಸುವುದು. ಇಲ್ಲವೇ ಎರಡನ್ನೂ ಮಾರಿ, ಮೇಲಿಷ್ಟು ಹಾಕಿ, ಬಲವಾದ ಒಂದನ್ನು ತರುವುದು. ಹೇಗೆ ಮಾಡಿದರೂ ಕಂಪ್ಯೂಟರ್ ಯಾರಾದರೊಬ್ಬನ ಮನೆಯಲ್ಲೇ ಇರಬೇಕಷ್ಟೆ. ಎಡವಟ್ಟು ಇದ್ದದ್ದೇ ಅಲ್ಲಿ.

ಅವನದು ಅರ್ಚಕರ ಮನೆ. ನಮ್ಮದು ಬಂದರಿನ ಪಕ್ಕ, ಮೀನು ಹಿಡಿಯುವವರ ಮನೆ. ಇಬ್ಬರದ್ದೂ ತುಳುವೇ, ಆದರೆ ಅವನ ಮನೆಯ ತುಳು ಬೇರೆ, ನಮ್ಮ ಮನೆಯ ತುಳು ಬೇರೆ. ಹಾಗಾಗಿ ಗ್ರಾಫಿಕ್ಸ್ ಕಾರ್ಡಿನಂಥ ಗಂಭೀರ ವಿಷಯಕ್ಕೆ ಕನ್ನಡದಲ್ಲೇ ಜಗಳ ಮಾಡುತ್ತಿದ್ದೆವು. ನಾಲ್ಕು ವರ್ಷಗಳ ಸ್ನೇಹದಲ್ಲಿ ನಾನು ಅವನ ಮನೆಯ ಚಾವಡಿ ದಾಟಿ ಒಳಗೆ ಹೋದವನಲ್ಲ. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅವನ ಅಮ್ಮ ಬಹಳ ಪ್ರೀತಿಯವರು. ಹಪ್ಪಳ ಕರಿದರೆ ನನಗೊಂದು ಹೆಚ್ಚೇ ಹಾಕುತ್ತಿದ್ದರು, ಪೇಪರ್ ಪ್ಲೇಟಿನಲ್ಲಿ. ಅವನಿಗೆ ಸ್ಟೀಲ್ ತಟ್ಟೆ. ಅವನು ಅದನ್ನು ನೋಡದವನ ಹಾಗೆ ಹಪ್ಪಳ ಮುರಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಹಪ್ಪಳ ಬಿಡುತ್ತಿರಲಿಲ್ಲ.

"ಒಂದೇ ಕಾರ್ಡ್ ತಗೊಳ್ಳುವ ಮಾರಾಯ," ಎಂದು ಅವನು ವಾದಿಸಿದ. "ಎರಡು ಹಾಕಿದ್ರೆ ಬಿಸಿ ಜಾಸ್ತಿ, ಕರೆಂಟ್ ಜಾಸ್ತಿ. ಅರ್ಧ ಗೇಮುಗಳಿಗೆ ಎರಡನೆಯದು ಉಂಟು ಅಂತಲೇ ಗೊತ್ತಾಗುವುದಿಲ್ಲ."

ನಾನು ಅಪ್ಪನನ್ನು ಸಾಕ್ಷಿಗೆ ಎಳೆದೆ. ಅಪ್ಪ ನಾಡದೋಣಿಯಲ್ಲಿ ಕಡಲಿಗೆ ಹೋಗುವವರು, ಎರಡು ಇಂಜಿನ್ ಇಲ್ಲದೆ ದೋಣಿ ನೀರಿಗೆ ಇಳಿಸುವವರಲ್ಲ. ಕಾರ್ಡಿನ ವಿಷಯ ಕೇಳಿದಾಗ ಬಲೆಯಿಂದ ಕಣ್ಣು ಕೀಳದೆ ತೀರ್ಪು ಕೊಟ್ಟಿದ್ದರು: "ಎರಡು ಹಾಕು. ಒಂದು ನಿಂತ್ರೆ ಇನ್ನೊಂದರಲ್ಲಿ ದಡಕ್ಕೆ ಬರ್ಲಿಕ್ಕೆ ಆಗ್ತದೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಚಾವಡಿಯಲ್ಲಿ ಕೂತವನಿಗೆ ಎಂತ ದಡ ಮಾರಾಯ?"

ಈಗ ಸತ್ಯ ಹೇಳಿಬಿಡುತ್ತೇನೆ. ನನಗೆ ದಡ ಬೇಕಾಗಿತ್ತು. ಎರಡು ಕಾರ್ಡು ಹಾಕಿದರೆ ಅದರಲ್ಲೊಂದು ನನ್ನದೇ ಆಗಿ ಉಳಿಯುತ್ತದೆ. ನಾಳೆ ಏನಾದರೂ ಆದರೆ ಒಂದು ಸ್ಕ್ರೂ ಬಿಚ್ಚಿ, ಚೀಲಕ್ಕೆ ಹಾಕಿ, ಮರ್ಯಾದೆಯಿಂದ ಬಸ್ ಹತ್ತಬಹುದು. ಒಂದೇ ಕಾರ್ಡಾದರೆ ನನ್ನ ಅರ್ಧ ಕತ್ತರಿಸಿಕೊಂಡು ಬರಲು ಅದೇನು ಅಂಜಲ್ ಮೀನೇ? ನನ್ನನ್ನು ಚಾವಡಿಯಲ್ಲೇ ಕೂರಿಸಿದಾಗ ಬಾಯಿ ತೆರೆಯದವನನ್ನು ನಂಬಿ ಅಂಥ ವಸ್ತುವಿಗೆ ಕೈಹಾಕಲು ನನಗೆ ಧೈರ್ಯವಿರಲಿಲ್ಲ.

ಹಟ ಮಾಡಿ ನಾನೇ ಗೆದ್ದೆ. ದೊಡ್ಡ ಕ್ಯಾಬಿನೆಟ್ ಅವನದ್ದಾದ್ದರಿಂದ ಅವನ ಚಾವಡಿಯಲ್ಲೇ ಜೋಡಿಸಿದೆವು. ಗೇಮ್ ಓಡಿತು. ಪರದೆಯ ಮೂಲೆಯ ಅಂಕಿ ಸೆಕೆಂಡಿಗೆ ಅರವತ್ತು ಚಿತ್ರ ಎಂದು ತೋರಿಸುತ್ತಿತ್ತು, ಕಾರಿಗೆ ಮಾತ್ರ ಬಿಕ್ಕಳಿಕೆ. ಪ್ರತಿ ತಿರುವಿನಲ್ಲೂ ಒಮ್ಮೆ ನಿಂತು, ಯೋಚನೆ ಮಾಡಿ, ಮುಂದೆ ಹೋಗುತ್ತಿತ್ತು.

"ಎರಡು ಕಾರ್ಡುಗಳೂ ಸರದಿಯಲ್ಲಿ ಒಂದೊಂದು ಚಿತ್ರ ಬಿಡಿಸ್ತವೆ," ಎಂದು ಅವನು ವಿವರಿಸಿದ. "ಇಬ್ಬರು ಭಟ್ರು ಒಟ್ಟಿಗೆ ಮಂತ್ರ ಹೇಳುವಾಗ ಒಬ್ಬರು ಅರ್ಧ ಅಕ್ಷರ ಹಿಂದೆ ಬಿದ್ರೆ ಹೇಗೆ ಕೇಳ್ತದೆ? ಹಾಗೆಯೇ ಇದು."

"ದಕ್ಷಿಣೆಯ ಹೊತ್ತಿಗೆ ಸರಿಯಾಗಿ ಒಟ್ಟಿಗೆ ಬರ್ತಾರಲ್ಲ," ಎಂದೆ ನಾನು. ಅವನಿಗೂ ನಗು ತಡೆಯಲಾಗಲಿಲ್ಲ.

ಒಂದು ಸಂಜೆ ಆಡುತ್ತಿದ್ದ ಹಾಗೆಯೇ ಕಂಪ್ಯೂಟರ್ ಆರಿಹೋಯಿತು. ಒಳಗಿನ ಕೋಣೆಯ ಫ್ಯೂಸ್ ಸ್ವಿಚ್ ಬಿದ್ದಿರಬೇಕೆಂದು ನಾನು ಏನೂ ಯೋಚಿಸದೆ ಎದ್ದು ಹೊಸ್ತಿಲಿನ ಆಚೆ ಒಂದು ಕಾಲಿಟ್ಟೆ. ಅವನ ಅಮ್ಮ ಅಡುಗೆಮನೆಯಿಂದ ಬಂದರು. "ನೀನು ಕೂತ್ಕೋ ಮಗಾ. ಅವ ಹಾಕ್ತಾನೆ." ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಇನ್ನೂ ಕೆಟ್ಟದಾಗಿತ್ತು. ನಾನು ಕಾಲನ್ನು ಹಿಂದೆ ತೆಗೆದುಕೊಂಡೆ. ಅವನು ಕಪ್ಪು ಪರದೆಯನ್ನು ಏನೋ ಸಿನಿಮಾ ಬರುತ್ತಿರುವ ಹಾಗೆ ನೋಡುತ್ತಾ ಕೂತಿದ್ದ.

"ಸ್ಕ್ರೂಡ್ರೈವರ್ ಕೊಡು," ಎಂದೆ.

"ಎಂತಕ್ಕೆ?"

"ನನ್ನ ಕಾರ್ಡ್ ತಗೊಂಡು ಹೋಗ್ತೇನೆ. ಈ ಬಿಕ್ಕಳಿಕೆ ನನಗೆ ಸಾಕು."

"ಇದು ಕಾರ್ಡಿನ ವಿಷಯವಾ?"

"ಕಾರ್ಡಿನ ವಿಷಯವೇ," ಎಂದು ಅಪ್ಪಟ ಸುಳ್ಳು ಹೇಳಿದೆ. ಕಾರ್ಡು ಇನ್ನೂ ಸುಡುತ್ತಿತ್ತು. ಅಂಗಿಯ ತುದಿಯಲ್ಲಿ ಹಿಡಿದು ಚೀಲಕ್ಕೆ ಹಾಕಿ ಹೊರಟೆ. ಮರ್ಯಾದೆಯಿಂದ ಬಸ್ ಹತ್ತಿದ್ದು ಹೌದು. ಕಂಕನಾಡಿಯವರೆಗೂ ಕಣ್ಣು ಒರೆಸಿಕೊಳ್ಳುತ್ತಿದ್ದದ್ದೂ ಹೌದು.

ಹತ್ತು ದಿನ ಮಾತಿಲ್ಲ, ಮೆಸೇಜಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅವನು ತನ್ನ ಕಾರ್ಡಿನ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅಮ್ಮ ಬಂಗುಡೆ ಮೀನು ಕಾಯಿಸುತ್ತಿದ್ದರು. "ಅಯ್ಯೋ ದೇವರೇ, ಭಟ್ರ ಮಗ!" ಎಂದು ಕಾವಲಿಯನ್ನೇ ಎತ್ತಿಕೊಂಡು ಹಿತ್ತಲಿಗೆ ಓಡಿದರು, ಏನೋ ಕಳ್ಳಮಾಲು ಸಿಕ್ಕಿಬಿದ್ದ ಹಾಗೆ. ಅವನು ಅಡುಗೆಮನೆಗೇ ಹೋಗಿ ಮಣೆ ಎಳೆದು ಕೂತ. "ಓಡ್ಬೇಡಿ ಅಮ್ಮ, ನನಗೆ ಒಂದು ಚಾ ಮಾಡಿ," ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಎರಡೂ ಮಾರುವ. ಒಂದೇ ತರುವ. ಇಲ್ಲಿ ಇಡುವ."

"ದಿನಾ ಇಲ್ಲಿಗೆ ಬರ್ಲಿಕ್ಕೆ ಮನೆಯಲ್ಲಿ ಎಂತ ಹೇಳ್ತಿ? ಲೈಬ್ರರಿ ಅಂತಲಾ?"

ಅವನು ಚಾ ಲೋಟಕ್ಕೆ ಮುಖ ತಗ್ಗಿಸಿದ. ಬೇಡ ಅಂದುಬಿಡಬೇಕಿತ್ತು. ಆದರೆ ಬಿಸಿ ಚಾವನ್ನು ಊದಿ ಊದಿ ಕುಡಿಯುತ್ತಿದ್ದ ಆ ಪುಕ್ಕಲನನ್ನು ನೋಡಿ ನನ್ನ ಬಾಯಿಂದ ಬೇಡ ಬರಲಿಲ್ಲ.

ಸುರತ್ಕಲ್ಲಿನ ಹಾಸ್ಟೆಲಿನವರಿಬ್ಬರು ತಲಾ ಒಂದು ಕಾರ್ಡು ಕೊಂಡರು. ಬಿಚ್ಚಿಕೊಂಡು ಬರಲು ಇನ್ನು ನನ್ನದೆಂಬುದೇ ಇರಲಿಲ್ಲ. ಅಲ್ಲಿಂದ ಸೀದಾ ಫಳ್ನೀರಿನ ಅಂಗಡಿಗೆ ಹೋದೆವು. ಅಂಗಡಿಯವರು ಹೊಸ ಕಾರ್ಡನ್ನು ಕೌಂಟರಿನ ಮೇಲಿಟ್ಟು ಬಿಲ್ ಬರೆಯಲು ಕೂತಾಗ ಅವನ ಫೋನ್ ರಿಂಗಾಯಿತು. ಅವನ ಅಮ್ಮ. ಅವನು ನನ್ನತ್ತ ಒಮ್ಮೆ ನೋಡಿದ. ನಾನು ಬೇಕೆಂದೇ ಕಾರ್ಡಿನ ಡಬ್ಬಿ ಓದತೊಡಗಿದೆ.

"ಫಳ್ನೀರಿನಲ್ಲಿ ಅಮ್ಮ," ಎಂದು ಅವನು ತನ್ನ ಮನೆಯ ತುಳುವಿನಲ್ಲಿ ಹೇಳಿದ. "ಅವನ ಒಟ್ಟಿಗೆ. ಕಾರ್ಡ್ ತಗೊಳ್ಳಿಕ್ಕೆ… ಇಲ್ಲ, ನಮ್ಮಲ್ಲಿಗಲ್ಲ. ಅವನ ಮನೆಗೆ." ಆಚೆಯಿಂದ ಏನೋ ಉದ್ದ ಪ್ರಶ್ನೆ ಬಂತು. ಅವನ ಕಿವಿಗಳೆರಡೂ ಕೆಂಪಾದವು. "ಯಾಕಂದ್ರೆ ಅಲ್ಲಿ ನನ್ನನ್ನು ಒಳಗೆ ಕೂರಿಸ್ತಾರೆ. ನಾವು ಅವನನ್ನು ನಾಲ್ಕು ವರ್ಷ ಹೊರಗೆ ಕೂರಿಸಿದೆವು ಅಮ್ಮ. ನಾನೂ ಸೇರಿಯೇ."

ಅಂಗಡಿಯವರಿಗೆ ಏನೂ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದರೋ. ಪೆನ್ನು ಹಿಡಿದು ನಮ್ಮಿಬ್ಬರನ್ನೂ ನೋಡಿದರು. "ವಾರಂಟಿ ಯಾರ ಹೆಸರಿಗೆ ಬರೀಲಿ? ಒಂದೇ ಹೆಸರು ಹಾಕ್ಲಿಕ್ಕೆ ಆಗುವುದು."

ಫೋನ್ ಇನ್ನೂ ಕಿವಿಯಲ್ಲಿತ್ತು. ಅವನು ಗಲ್ಲ ಎತ್ತಿ ನನ್ನನ್ನು ತೋರಿಸಿದ.

ಊರಿಗೆಲ್ಲ ತಿರುಗುತ್ತರ ಕೊಡುವ ನನ್ನ ಬಾಯಿಂದ ನನ್ನದೇ ಹೆಸರು ಹೊರಡಿಸಲು ಅಂಗಡಿಯವರು ಎರಡು ಸಲ ಕೇಳಬೇಕಾಯಿತು.