ಅದು ಬಾವುಟವಲ್ಲ, ಸೀರೆ

ವೈನಿ ಸತ್ತದ್ದು ಮಧ್ಯಾಹ್ನ, ಒಳ್ಳೆಯ ಬಿಸಿಲಿರುವಾಗ. ಅದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಪೊಲೀಸರು, ಹೊಗೆ ಕವಿದಿತ್ತು, ಏನೂ ಸರಿಯಾಗಿ ಕಾಣುತ್ತಿರಲಿಲ್ಲ ಎಂದು ಬರೆಸಿದರು. ಹೊಗೆಯಿದ್ದದ್ದು ನಾಕಾದ, ಗಲ್ಲಿ ಸೇರುವ ಚೌಕದ ಹತ್ತಿರ. ನಮ್ಮ ಗಲ್ಲಿಯಲ್ಲಿ ಎಲ್ಲವೂ ಕಾಣುತ್ತಿತ್ತು.

ಮುಂಬಯಿಯ ವಡಾಲದ ನಮ್ಮ ಚಾಳಿನಲ್ಲಿ ಎರಡನೆಯ ಮಾಳಿಗೆಯ ಕೊನೆಯ ಖೋಲಿ ನಮ್ಮದು, ಅದಕ್ಕೆ ಹತ್ತಿದ್ದು ವೈನಿಯದು. ಅವ್ವ ತೀರಿಕೊಂಡ ಮೇಲೆ ವಿಜಾಪುರ ಬಿಟ್ಟು ಅಪ್ಪನ ಹತ್ತಿರ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಅಪ್ಪ ಅಂಚೆ ಇಲಾಖೆಯಲ್ಲಿ ಗುಮಾಸ್ತ. ನಾನು ಟೈಪಿಂಗ್ ಕಲಿತು ಫೋರ್ಟಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆದೆ. ವೈನಿ ಎಂದರೆ ಮರಾಠಿಯಲ್ಲಿ ಅತ್ತಿಗೆ, ಚಾಳಿನವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಅವಳು ಸೊಲ್ಲಾಪುರದ ಕಡೆಯವಳು. ಮನೆಮಾತು ಮರಾಠಿಯಾದರೂ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವಳ ಗಂಡನನ್ನು ನಾನು ದಾದಾ ಎನ್ನುತ್ತಿದ್ದೆ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ, ಮಾತು ಕಡಿಮೆ. ಅವರಿಗೆ ಮಕ್ಕಳಿರಲಿಲ್ಲ. ನಾನು ಆಫೀಸಿನಿಂದ ಬಂದು ಬೀಗ ತೆಗೆಯುವ ಸದ್ದು ಕೇಳಿದರೆ ಸಾಕು, ವೈನಿ ಆ ಬದಿಯಿಂದ ಗೋಡೆ ತಟ್ಟುತ್ತಿದ್ದಳು. ಚಹಾ ಆಗಿದೆ ಎಂದರ್ಥ.

ನನ್ನ ಚಪಾತಿ ನೋಡಿ ನಗುತ್ತಿದ್ದಳು. "ಅಗ ಹುಡುಗಿ, ಚಪಾತಿ ಮಾಡೀಯೋ, ದೇಶದ ನಕಾಶೆ ಬರದೀಯೋ? ನಿನ್ನ ಮದಿವಿ ಆದವನು ಉಪಾಸ ಸಾಯ್ತಾನ ನೋಡ."

ಮುಂಬಯಿ ಯಾವ ರಾಜ್ಯಕ್ಕೆ ಸೇರಬೇಕು ಎಂದು ಊರೆಲ್ಲ ಹೊತ್ತಿ ಉರಿಯುತ್ತಿದ್ದ ಕಾಲ ಅದು. ಐವತ್ತರ ದಶಕದ ನಡುವಿನ ಒಂದು ಚಳಿಗಾಲ. ದಿನವೂ ಮೋರ್ಚಾ, ಕಪ್ಪು ಬಾವುಟ, ಲಾಠಿ, ಅಶ್ರುವಾಯು. ಸಂಕ್ರಾಂತಿಯ ದಿನ ಮಾತ್ರ ಎಲ್ಲ ತಣ್ಣಗಿತ್ತು. ವೈನಿ ಆ ಹಬ್ಬಕ್ಕೆ ಅವರ ಪದ್ಧತಿಯಂತೆ ಕಪ್ಪು ಸೀರೆ ಉಟ್ಟಿದ್ದಳು. ಸಣ್ಣ ಬಿಳಿ ಚುಕ್ಕೆಗಳ, ಕೆಂಪು ಅಂಚಿನ ಸೀರೆ. ಮನೆಮನೆಗೆ ಎಳ್ಳುಬೆಲ್ಲ ಹಂಚುವಾಗ ಯಾವುದೋ ಮಗು ಬೆಲ್ಲದ ಕೈಯಲ್ಲಿ ಸೆರಗು ಹಿಡಿದಿತ್ತು. ಅದಕ್ಕೇ ಸೀರೆಯನ್ನು ಒಗೆಯಬೇಕಾಯಿತು.

ಎರಡು ದಿನ ಕಳೆಯುವಷ್ಟರಲ್ಲಿ ಗಲಾಟೆ ಮತ್ತೆ ಎದ್ದಿತು. ಕರ್ಫ್ಯೂ ಹಾಕಿದರು. ಅಪ್ಪ ಹಿಂದಿನ ದಿನವೇ ಅಂಚೆ ಕಚೇರಿಯಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಉಳಿದಿದ್ದ. ನಾನೊಬ್ಬಳೇ ಇದ್ದೆ. ಮಧ್ಯಾಹ್ನ ನಾಕಾದಲ್ಲಿ ಯಾರೋ ಟೈರುಗಳಿಗೆ ಬೆಂಕಿ ಹಚ್ಚಿದರು. ಒಂದಿಷ್ಟು ಜನ ಕಲ್ಲು ಹಿಡಿದು ನಮ್ಮ ಗಲ್ಲಿಯೊಳಗೆ ಓಡಿಬಂದು ಹಿಂದಿನ ಗೋಡೆ ಹಾರಿ ಹೋದರು. ಅವರ ಬೆನ್ನಿಗೆ ಪೊಲೀಸರು ಬಂದು ಕೆಳಗೆ ನಿಂತರು. ಆಮೇಲೆ ಸ್ವಲ್ಪ ಹೊತ್ತು ಗಲ್ಲಿ ನಿಶ್ಶಬ್ದವಾಯಿತು.

ನಾನು ಬಾಗಿಲನ್ನು ಒಂದು ಗೇಣು ತೆರೆದು ನೋಡಿದೆ. ಗ್ಯಾಲರಿಯ ಕಟಕಟೆಗೆ ಕಟ್ಟಿದ ಬಿದಿರಿನ ಗಳದ ಮೇಲೆ ವೈನಿಯ ಕಪ್ಪು ಸೀರೆ ಒಣಗುತ್ತಿತ್ತು. ಗಾಳಿಗೆ ಅರ್ಧ ಜಾರಿ ಹೊರಗೆ ಜೋತಾಡುತ್ತಿತ್ತು. ಟೈರಿನ ಮಸಿ ಹಾರಿ ಬರುತ್ತಿತ್ತು. ಆ ಗಳ ನನ್ನ ಬಾಗಿಲಿನಿಂದ ನಾಲ್ಕೇ ಹೆಜ್ಜೆ. ಹೊರಗೆ ಹೋಗಿ ನಾನೇ ಎಳೆದು ತರಬಹುದಿತ್ತು. ಹೋಗಲಿಲ್ಲ. ಬಾಗಿಲ ಸಂದಿಯಿಂದಲೇ ಕೂಗಿದೆ.

"ವೈನಿ, ನಿಮ್ಮ ಸೀರಿ ಬೀಳಾಕತ್ತೈತ್ರಿ! ಮಸಿ ಹತ್ತತೈತಿ, ಲಗೂನ ತಗೋರಿ!"

"ಬಂದ್ನೆಗ," ಎಂದಳು ಒಳಗಿನಿಂದ.

ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟಕಟೆಯ ಮೇಲೆ ಬಾಗಿ, ಜೋತಾಡುತ್ತಿದ್ದ ಸೀರೆಯನ್ನು ಎರಡೂ ಕೈಯಿಂದ ಎಳೆದುಕೊಂಡು ಒಮ್ಮೆ ಕೊಡವಿದಳು. ಒಗೆದ ಬಟ್ಟೆಯನ್ನು ಎಲ್ಲ ಹೆಂಗಸರೂ ಕೊಡವುವ ಹಾಗೆಯೇ. ಮಡಿಚಿ ಎದೆಗೆ ಅವಚಿಕೊಳ್ಳುತ್ತಿದ್ದಂತೆ ಕೆಳಗಿನಿಂದ ಒಂದು ಸದ್ದಾಯಿತು. ಪಟಾಕಿಯಷ್ಟು ದೊಡ್ಡ ಸದ್ದೂ ಅಲ್ಲ. ವೈನಿ ಸೀರೆಯನ್ನು ಬಿಡದೆ ಅಲ್ಲೇ ಕುಳಿತಳು. ಸುಸ್ತಾಗಿ ಕುಳಿತಂತೆ. ಕಪ್ಪು ಬಟ್ಟೆಯ ಮೇಲೆ ರಕ್ತ ಕಾಣುವುದಿಲ್ಲ. ಬಟ್ಟೆ ಒದ್ದೆಯಾದದ್ದಷ್ಟೇ ಕಾಣುತ್ತದೆ. ಒಣಗಿದ ಸೀರೆ ಮತ್ತೆ ಹೇಗೆ ಒದ್ದೆಯಾಯಿತು ಎಂದು ನಾನು ಯೋಚಿಸುತ್ತ ನಿಂತಿದ್ದೆ.

ದಾದಾ ಓಡಿಬಂದ. ಕೆಳಗಿನ ಪೊಲೀಸರಿಗೆ ಕೈಮುಗಿದು ವ್ಯಾನ್ ಕೇಳಿದ. ಕರ್ಫ್ಯೂ ಇದೆ, ಒಳಗೆ ಹೋಗು ಎಂದರು. ಮುಕ್ಕಾಲು ಗಂಟೆ ಕಾದ ಮೇಲೆ ಚಾಳಿನ ನಾಲ್ವರು ಗಂಡಸರು ಅವಳನ್ನು ಮಂಚದ ಮೇಲೆ ಮಲಗಿಸಿ ಎತ್ತಿಕೊಂಡು ಆಸ್ಪತ್ರೆಗೆ ನಡೆದರು. ದಾರಿಯಲ್ಲೇ ಜೀವ ಹೋಯಿತು. ಸೀರೆ ಅವಳ ಕೈಯಲ್ಲೇ ಇತ್ತಂತೆ.

ಮಾರನೆಯ ದಿನ ಪೊಲೀಸರ ಹೇಳಿಕೆ ಬಂತು: ಎರಡನೆಯ ಮಾಳಿಗೆಯಿಂದ ಒಬ್ಬ ವ್ಯಕ್ತಿ ಕಪ್ಪು ಬಾವುಟ ಬೀಸಿ ಕಲ್ಲು ತೂರುವವರಿಗೆ ಸನ್ನೆ ಮಾಡುತ್ತಿದ್ದ, ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತು.

ಹದಿಮೂರನೆಯ ದಿನ ಮುಗಿದ ಮೇಲೆ ಚಾಳಿನ ಅಂಗಳದಲ್ಲಿ ಸಭೆ ಸೇರಿತು. ಕೆಳಗಿನ ಮಾಳಿಗೆಯಲ್ಲಿದ್ದ ಮುದಿ ಶಾಲಾಮಾಸ್ತರರು ಮುಂದಾಳು. ಅಲ್ಲಿ ಎಲ್ಲರೂ ಆಡಿದ್ದು ಮರಾಠಿ. ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಬ್ಬ ತರುಣ ಎದ್ದು, "ಬಾವುಟವೆಂದೇ ಇರಲಿ. ವೈನಿ ನಮಗಾಗಿ ಪ್ರಾಣ ಕೊಟ್ಟಳು ಎನ್ನೋಣ. ಫೋಟೋ ಇಟ್ಟು ಮೋರ್ಚಾ ತೆಗೆಯೋಣ," ಎಂದ.

ಅಷ್ಟು ದಿನ ಬಾಯಿ ಬಿಡದಿದ್ದ ದಾದಾ ಗೋಡೆಗೆ ಒರಗಿದ್ದಲ್ಲಿಂದಲೇ ಹೇಳಿದ. "ಅದು ಬಾವುಟವಲ್ಲ, ಸೀರೆ. ಅವಳಿಗೆ ಒಂದು ಘೋಷಣೆಯೂ ಬರುತ್ತಿರಲಿಲ್ಲ. ನನಗೆ ಫೋಟೋ ಬೇಡ. ಗುಂಡು ಹಾರಿಸು ಅಂದವನು ಯಾರು, ಅದನ್ನು ಕೇಳಿ."

ಆಮೇಲೆ ಯಾರೂ ಫೋಟೋದ ಮಾತೆತ್ತಲಿಲ್ಲ. ಮಾಸ್ತರರು ಸ್ಲೇಟು ಹಿಡಿದು ಒಂದೊಂದೇ ಬೇಡಿಕೆ ಬರೆದುಕೊಂಡರು. ಆಜ್ಞೆ ಕೊಟ್ಟ ಅಧಿಕಾರಿಯ ಹೆಸರು ಹೊರಗೆ ಬರಬೇಕು, ಪೊಲೀಸರಲ್ಲದವರು ತನಿಖೆ ಮಾಡಬೇಕು. ಗಾಯಗೊಂಡವರನ್ನು ಕರ್ಫ್ಯೂ ಎಂದು ತಡೆಯಬಾರದು. ಕೊನೆಯದನ್ನು ನಲ್ಲಿಯ ಹತ್ತಿರ ಕುಳಿತಿದ್ದ ಹೆಂಗಸರು ಸೇರಿಸಿದರು. ಜನ ವಾಸವಿರುವ ಗಲ್ಲಿಗೆ ಬಂದೂಕು ಹಿಡಿದು ಬರುವ ಮೊದಲು, ಒಳಗೆ ಹೋಗಿರೆಂದು ನಮಗೆ ತಿಳಿಯುವ ಮಾತಿನಲ್ಲಿ ಕೂಗಿ ಹೇಳಬೇಕು.

ಇಂಗ್ಲಿಷಿನಲ್ಲಿ ಟೈಪ್ ಮಾಡುವವರು ಚಾಳಿನಲ್ಲಿ ನಾನೊಬ್ಬಳೇ. ಅಪ್ಪನಿಗೆ ಮನಸ್ಸಿರಲಿಲ್ಲ.

"ನಾವು ಪರಸ್ಥಳದಾವ್ರು," ಎಂದ. "ಈ ಜಗಳ ಅವರದು. ನಂದು ಸರಕಾರಿ ನೌಕರಿ. ನಾಳೆ ಕರದು ಕೇಳಿದ್ರ ಏನ್ ಹೇಳ್ಲಿ?"

"ವೈನಿ ಪರಸ್ಥಳದಾಕೀನ ಅಪ್ಪಾ?"

ಅಪ್ಪ ಬಹಳ ಹೊತ್ತು ಕನ್ನಡಕ ಒರೆಸಿದ. "ನೀ ಟೈಪ್ ಮಾಡು. ನನ್ನ ಸಹಿ ಮಾತ್ರ ಕೇಳಬ್ಯಾಡ," ಎಂದ. ಸಹಿ ಸಂಗ್ರಹಿಸುವ ಹಾಳೆ ನಮ್ಮ ಮಾಳಿಗೆಗೆ ಬಂದ ದಿನ ಹಾಳೆ ತಂದವರನ್ನು ತಾನೇ ಒಳಗೆ ಕರೆದು ಸಹಿ ಹಾಕಿದ.

ಆಫೀಸಿನ ಊಟದ ಬಿಡುವಿನಲ್ಲಿ ಕಾರ್ಬನ್ ಇಟ್ಟು ಮನವಿ ಟೈಪ್ ಮಾಡಿದೆ. 'ಮೃತ ಮಹಿಳೆ ಒಣಗಿದ ಬಟ್ಟೆ ತೆಗೆಯಲು ತಾನಾಗಿ ಹೊರಗೆ ಬಂದಿದ್ದಳು' ಎಂದು ಮಾಸ್ತರರು ಬರೆದುಕೊಟ್ಟಿದ್ದರು. 'ತಾನಾಗಿ' ಎಂಬ ಮಾತಿಗೆ ಬಂದಾಗ ನನ್ನ ಬೆರಳುಗಳು ನಿಂತವು. ಆಮೇಲೆ ಆ ಮಾತನ್ನೂ ಟೈಪ್ ಮಾಡಿದೆ. ಪ್ರತಿಗಳ ಮೇಲೆಲ್ಲ ಅದು ಅಚ್ಚಾಗಿ ಕುಳಿತಿತು. ಆ ದಿನಗಳಲ್ಲಿ ಆಫೀಸಿನಿಂದ ಬಂದು ಬೀಗ ತೆಗೆದರೆ ಪಕ್ಕದ ಗೋಡೆ ತಟ್ಟಿದಂತೆ ಆಗುತ್ತಿತ್ತು. ಎರಡು ಸಲ ಚಹಾದ ಕಪ್ಪು ಹಿಡಿದು ಹೊರಗೂ ಬಂದಿದ್ದೇನೆ. ಪಕ್ಕದ ಬಾಗಿಲಲ್ಲಿ ದಾದಾ ಒಬ್ಬನೇ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದ. ನನ್ನನ್ನೂ ನನ್ನ ಕೈಯ ಖಾಲಿ ಕಪ್ಪನ್ನೂ ನೋಡಿ ಕಣ್ಣು ಕೆಳಗೆ ಹಾಕುತ್ತಿದ್ದ.

ಮನವಿ ಹಿಡಿದು ಚಾಳಿನವರು ಅಲೆಯದ ಕಚೇರಿಯಿಲ್ಲ. ಮಳೆಗಾಲ ಬಂತು. ಕೊನೆಗೆ ಮ್ಯಾಜಿಸ್ಟ್ರೇಟರೊಬ್ಬರು ವಿಚಾರಣೆ ಮಾಡುತ್ತಾರೆಂದು ಕಾಗದ ಬಂತು. ಕಣ್ಣಾರೆ ಕಂಡ ಸಾಕ್ಷಿಯೆಂದು ಮಾಸ್ತರರು ನನ್ನ ಹೆಸರು ಕೊಟ್ಟಿದ್ದರು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಕಾಗದದಲ್ಲಿ ಸುತ್ತಿದ ಗಂಟು. ಮ್ಯಾಜಿಸ್ಟ್ರೇಟರು ಹೇಳಿದಾಗ ದಾದಾ ಅದನ್ನು ಬಿಚ್ಚಿ ಸೀರೆಯನ್ನು ಮಡಿಕೆ ಮಡಿಕೆಯಾಗಿ ಹರಡಿದ. ಬಿಳಿ ಚುಕ್ಕೆ, ಕೆಂಪು ಅಂಚು. ಮಡಿಕೆಗಳಲ್ಲಿ ಸಾಲಾಗಿ ತೂತುಗಳು. ಒಂದೇ ಗುಂಡು, ಮಡಿಚಿ ಅವಚಿಕೊಂಡಿದ್ದ ಬಟ್ಟೆಯಲ್ಲಿ ಅಷ್ಟೂ ತೂತು ಮಾಡಿತ್ತು. ಇದು ಬಾವುಟವೆಂದು ಆಮೇಲೆ ಆ ಕೋಣೆಯಲ್ಲಿ ಯಾರೂ ಹೇಳಲಿಲ್ಲ.

ನನ್ನ ಸರದಿ ಬಂತು. ಪೊಲೀಸರ ಪರ ವಕೀಲರು ಮೆತ್ತಗಿನ ದನಿಯವರು. "ಹೊರಗೆ ಯಾಕೆ ಬಂದರು ಅವರು? ಯಾರಾದರೂ ಕರೆದರೇ?"

ತಾನಾಗಿ ಬಂದಳು ಎನ್ನಬಹುದಿತ್ತು. ನಾನೇ ಟೈಪ್ ಮಾಡಿದ ಮಾತು. ದಾದಾ ಎದುರಿಗೇ ಕುಳಿತಿದ್ದ.

"ನಾನು ಕರೆದೆ," ಎಂದೆ.

"ಗಳ ನಿಮ್ಮ ಬಾಗಿಲಿಗೂ ಹತ್ತಿರವೇ ಇತ್ತಲ್ಲ? ನೀವೇ ಯಾಕೆ ತೆಗೆಯಲಿಲ್ಲ?"

"ನನಗೆ ಹೆದರಿಕೆ ಆಗಿತ್ತು."

"ಅಂದರೆ ಹೊರಗೆ ಬಂದರೆ ಅಪಾಯವೆಂದು ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು."

ಅವರಿಗೆ ಉತ್ತರ ಬೇಕಾಗಿರಲಿಲ್ಲ. ನನ್ನ ಹೆದರಿಕೆಯ ಮಾತನ್ನೇ ಬರೆದುಕೊಂಡರು.

ಹೊರಗೆ ಮಳೆ ನಿಂತಿತ್ತು. ಮಾಸ್ತರರು ಕೊಡೆ ಬಿಚ್ಚದೆ ಅದನ್ನೇ ಊರಿಕೊಂಡು ನಡೆಯುತ್ತ, "ಮಗಳೇ, ನಮ್ಮ ಕೋಲನ್ನೇ ಅವರ ಕೈಗೆ ಕೊಟ್ಟೆಯಲ್ಲ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಅವರು ಮುಂದೆ ಹೋದರು. ದಾದಾ ಹಿಂದುಳಿದು ನನ್ನ ಜೊತೆ ಹೆಜ್ಜೆ ಹಾಕಿದ. ಸೀರೆಯ ಗಂಟನ್ನು ಕಚೇರಿಯವರು ಇಟ್ಟುಕೊಂಡಿದ್ದರು, ಅವನ ಕೈಗಳು ಖಾಲಿಯಿದ್ದವು.

"ದಾದಾ, ನಾನು ಕರೆಯಬಾರದಿತ್ತು," ಎಂದೆ. ಆರು ತಿಂಗಳಿನಿಂದ ಬಾಯಲ್ಲಿದ್ದ ಮಾತು.

"ನನಗೆ ಗೊತ್ತಿತ್ತು. ಒಳಗೆ ಮಲಗಿದ್ದೆ. ನಿನ್ನ ದನಿ ಕೇಳಿಸಿತು." ಸ್ವಲ್ಪ ದೂರ ನಡೆದ. "ಅವಳು ನಿನಗೆ ಬಂದೆ ಅಂದಳು, ನನಗೆ ಮಾತ್ರ ಕೈಯಲ್ಲಿ ಹಿಟ್ಟಿದೆ, ಆಮೇಲೆ ನೋಡಿದರಾಯಿತು ಅಂದಳು. ಹೋಗು, ಒಳ್ಳೆಯ ಸೀರೆ ಕೆಡುತ್ತದೆ ಅಂದೆ ನಾನು. ನೀನು ಕರೆದೆ, ನಾನು ಕಳಿಸಿದೆ. ನಿನ್ನನ್ನು ಕೇಳಿದರು, ನೀನು ಹೇಳಿದೆ. ನನ್ನನ್ನು ಯಾರೂ ಕೇಳಲಿಲ್ಲ."

ರಸ್ತೆಯ ನಡುವೆಯೇ ನಿಂತುಬಿಟ್ಟ. "ನಾವಿಬ್ಬರೂ ಸೀರೆಯ ಮಾತಾಡಿದೆವು. ಗುಂಡಿನ ಮಾತಾಡಿದವನು ಬೇರೆ. ಇದನ್ನು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಗಲಿಡೀ ಸರಿ ಅನ್ನಿಸುತ್ತದೆ. ಒಲೆ ಹಚ್ಚುವ ಹೊತ್ತಿಗೆ ಅನ್ನಿಸುವುದಿಲ್ಲ."

ವರದಿ ಬರಲು ಮತ್ತೊಂದು ಮಳೆಗಾಲ ಹಿಡಿಯಿತು. ಇಡೀ ವರದಿಯನ್ನು ನಮಗೆ ಯಾರೂ ಕೊಡಲಿಲ್ಲ. ಮಾಸ್ತರರ ಹೆಸರಿಗೆ ಒಂದು ಪುಟದ ಪತ್ರ ಬಂತು. ಅಂದಿನ ಪರಿಸ್ಥಿತಿಯಲ್ಲಿ ಗುಂಡು ಹಾರಿಸಿದ್ದು ತಪ್ಪೆನ್ನಲಾಗದು, ಮಹಿಳೆಯ ಸಾವು ವಿಷಾದಕರ, ಆಕೆಯ ಕೈಯಲ್ಲಿದ್ದದ್ದು ಉಡುಪೆಂದು ಒಪ್ಪಲಾಗಿದೆ. ಅಧಿಕಾರಿಯ ಹೆಸರಿರಲಿಲ್ಲ. ವ್ಯಾನಿನ ಮಾತಿರಲಿಲ್ಲ. ಕೊನೆಯ ಸಾಲಿನಲ್ಲಿ, ಮುಂದೆ ವಸತಿ ಗಲ್ಲಿಗಳಲ್ಲಿ ಮೊದಲು ಎಚ್ಚರಿಕೆ ಕೂಗಿ ಹೇಳಲು ಸೂಚನೆ ನೀಡಲಾಗಿದೆ ಎಂದಿತ್ತು. ನಲ್ಲಿಯ ಹತ್ತಿರದ ಹೆಂಗಸರ ಬೇಡಿಕೆ. ಅದೊಂದೇ ಉಳಿದದ್ದು.

ಆ ಹೊತ್ತಿಗೆ ದಾದಾ ಚಾಳು ಬಿಟ್ಟು ದಹಿಸರಿನಲ್ಲಿ ತಮ್ಮನ ಮನೆ ಸೇರಿದ್ದ. ಒಂದು ದಿನ ನಮ್ಮ ಕಡೆ ಮತ್ತೆ ಏನೋ ಗಲಾಟೆಯಾಯಿತು. ಗಲ್ಲಿಯ ಬಾಯಲ್ಲಿ ಒಬ್ಬ ಪೇದೆ ತಗಡಿನ ಭೋಂಗಾ ಬಾಯಿಗಿಟ್ಟು ಕೂಗಿದ. ನಾವೆಲ್ಲ ಒಳಗೆ ಹೋದೆವು. ಪೊಲೀಸರು ಬಂದರು, ಹೋದರು. ಯಾರಿಗೂ ಏನೂ ಆಗಲಿಲ್ಲ. ಬಾಗಿಲ ಹಿಂದೆ ನಿಂತು ನಾನು ಅತ್ತೆ. ಇಷ್ಟು ಸುಲಭವಿತ್ತೇ ಎಂದು.

ಮುಂದಿನ ಭಾನುವಾರ ದಹಿಸರಿಗೆ ಹೋದೆ. ಆಗ ಅಲ್ಲಿ ಹೊಲಗದ್ದೆಗಳೇ ಹೆಚ್ಚು. ದಾದಾ ಅಂಗಳದಲ್ಲಿ ಹಗ್ಗದ ಮಂಚ ಹೆಣೆಯುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಪತ್ರದ ವಿಷಯ ಅವನಿಗೆ ತಿಳಿದಿತ್ತು, ಭೋಂಗಾದ್ದು ತಿಳಿದಿರಲಿಲ್ಲ. ಹೇಳಿದೆ. ಹೆಣಿಗೆ ನಿಲ್ಲಿಸಿ ಕೇಳಿದ.

"ಯಾವ ಭಾಷೆಯಲ್ಲಿ ಕೂಗಿದ?"

"ಮೊದಲು ಮರಾಠಿ, ಆಮೇಲೆ ಹಿಂದಿ."

"ಏನಂತ?"

"ಘರಾತ ಜಾ, ಗ್ಯಾಲರೀತ ಥಾಂಬೂ ನಕಾ."

ಮನೆಯೊಳಗೆ ಹೋಗಿ, ಗ್ಯಾಲರಿಯಲ್ಲಿ ನಿಲ್ಲಬೇಡಿ. ಅಷ್ಟೇ ಮಾತು. ದಾದಾ ಬೆರಳು ಮಡಿಚಿ ಆ ಪದಗಳನ್ನು ಎಣಿಸಿದ. "ಅವನು ಕೂಗಿದ ಹಾಗೆ ಕೂಗು," ಎಂದ.

"ಇಲ್ಲೇನ್ರಿ ದಾದಾ?"

"ಕೂಗು. ಒಳಗಿದ್ದವಳಿಗೆ ಕೇಳಿಸುತ್ತಿತ್ತೋ ಇಲ್ಲವೋ ನೋಡೋಣ."

ಎರಡೂ ಅಂಗೈಗಳನ್ನು ಬಾಯಿಗೆ ಗೂಡು ಮಾಡಿ ಕೂಗಿದೆ. ನನ್ನ ದನಿ ಗದ್ದೆಯ ಆಚೆಯವರೆಗೂ ಹೋಯಿತು. ಎದುರು ಮನೆಯ ಹೊಸಿಲಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಬೇಳೆ ಕೇರುತ್ತಿದ್ದಳು. ಅವಳು ತಲೆಯೆತ್ತಿ ನಮ್ಮಿಬ್ಬರನ್ನು ನೋಡಿದಳು. ಏನೂ ಕೇಳದೆ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.