ಖಾಲಿ ಕುರ್ಚಿಗೆ ಯಾಕೆ ಬೆಳಕು?

ನಮ್ಮ ಮೊಮ್ಮಗಳು ಇವತ್ತು ಕಳಸದಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿ ತೆರೆದಳು! ಹೋಂಸ್ಟೇಗಳ ಜಾಹೀರಾತನ್ನು ಇಂಟರ್‌ನೆಟ್ಟಿಗೆ ಹಾಕುವ ಕೆಲಸ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಅವಳಿಗೆ ಈ ಕೆಲಸ ಕಲಿಸಿದವರು ಮಾತ್ರ ಬರಲಿಲ್ಲ.

ಇಂಟರ್‌ನೆಟ್ ನಮ್ಮೂರಿಗೆ ಹೊಸತಾಗಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಅಂಗಡಿಯಿತ್ತು. ಗಿರಾಕಿ ಎದ್ದ ಕೂಡಲೇ ಕಂಪ್ಯೂಟರಿನ ಬೆನ್ನು ಮುಟ್ಟಿ, ಬಿಸಿ ನೋಡಿ, ಆರಿಸಿ, "ಖಾಲಿ ಕುರ್ಚಿಗೆ ಯಾಕೆ ಬೆಳಕು?" ಎನ್ನುತ್ತಿದ್ದರು.

ಒಮ್ಮೆ ಅಲ್ಲಿ ಕಲಿಯುತ್ತಿದ್ದ ಮೊಮ್ಮಗಳನ್ನು ಕರೆತರಲು ಹೋದಾಗ ಸಂಸೆಯ ಹೋಂಸ್ಟೇ ಸಾಹುಕಾರರೊಬ್ಬರು ಬಂದಿದ್ದರು. ಬಣ್ಣದ ಕರಪತ್ರ ರಾಶಿಗಟ್ಟಲೆ ಬೇಕಂತೆ.

"ಬಸ್ಸಿಳಿದವ್ರು ಅದನ್ನ ಭದ್ರಾ ಹೊಳೆಗೇ ಎಸೀತಾರೆ ಸಾಹುಕಾರ್ರೇ. ಇಂಟರ್‌ನೆಟ್ಟಲ್ಲಿ ಒಂದು ಫೋಟೊ ಹಾಕಣ. ಅದೂ ಸಣ್ಣದು ಸಾಕು, ದೊಡ್ಡದಾದ್ರೆ ಅದನ್ನ ಇಟ್ಕೊಳ್ಳಕ್ಕೆ ಎಲ್ಲೋ ಇನ್ನೊಂದು ಮಿಷನ್ ಕರೆಂಟ್ ತಿಂದು ಬಿಸಿ ಆಗುತ್ತೆ."

"ನೀನು ವ್ಯಾಪಾರಕ್ಕೆ ಕೂತಿದ್ದಾ, ಹೊಳೆ ಕಾಯಕ್ಕಾ ಮಾರಾಯ?"

"ಎರಡಕ್ಕೂ."

ಸಾಹುಕಾರರು ಎದ್ದು ಹೋದರು. ಇವರು ಆ ಕುರ್ಚಿ ನೋಡಿ ನಕ್ಕು, ಅದರ ಮೇಲಿನ ದೀಪ ಆರಿಸಿದರು.

ಅಂಗಡಿ ಬಹಳ ದಿನ ನಡೆಯಲಿಲ್ಲ. ಮುಚ್ಚಿ ಹೋದವರ ವಿಳಾಸ, ಎಷ್ಟು ವಿಚಾರಿಸಿದರೂ ಸಿಗಲಿಲ್ಲ.

ಇವತ್ತು ಸಂಜೆ ಮನೆಯವರೆಲ್ಲ ಒಟ್ಟಿಗೆ ಕಡುಬು, ಕೋಳಿಸಾರು ಉಣ್ಣುತ್ತಿದ್ದೆವು. ಜಗಲಿಯ ಕುರ್ಚಿಯಲ್ಲಿ ಯಾರೂ ಇಲ್ಲವೆಂದು ಮೊಮ್ಮಗಳು ದೀಪ ಆರಿಸಲು ಎದ್ದಳು.

"ಇವತ್ತೊಂದು ದಿನ ಇರ್ಲಿ ಬಿಡೇ" ಎಂದೆ. "ಅವ್ರು ಬಂದ್ರೂ ಬಂದ್ರು."

ಅವಳು ದೀಪ ಹಾಗೇ ಬಿಟ್ಟು ಬಂದು ನನ್ನ ಪಕ್ಕ ಕೂತು, ಇನ್ನೊಂದು ಕಡುಬು ಹಾಕಿಸಿಕೊಂಡಳು.