ಕುಕ್ಕರ್ ಕೂಗುವವರೆಗೆ ಒಂದು ಸಾಲು

"ಮೇಡಂ, ಇಷ್ಟೆಲ್ಲ ಕೆಲಸದ ಮಧ್ಯೆ ಈ ಹೊಲಿಗೆಗೆ ಟೈಮ್ ಎಲ್ಲಿಂದ ತರ್ತೀರ?" ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟೈಮೇನು ತರಕಾರಿಯೇ, ಚೀಲ ಹಿಡಿದು ಹೋಗಿ ತರಲಿಕ್ಕೆ? ಆದರೂ ನಕ್ಕು ಸುಮ್ಮನಾಗುತ್ತೇನೆ. ಆರು ವರ್ಷ ನಾನೂ ಇದೇ ಮಾತು ಹೇಳಿಕೊಂಡು ತಪ್ಪಿಸಿಕೊಂಡವಳೇ.

ಹುಣಸಮಾರನಹಳ್ಳಿ ಕಡೆಯ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ. ಒಂದು ಸೆಮಿಸ್ಟರಿನ ಫಲಿತಾಂಶ ಮುಗಿಯುವಷ್ಟರಲ್ಲಿ ಇನ್ನೊಂದರ ಹಾಲ್ ಟಿಕೆಟ್ ಶುರು. ಮನೆ ಗಂಗಾನಗರದಲ್ಲಿ, ಮಹಡಿಯ ಮೇಲೆ ಬಾಡಿಗೆಗೆ. ನಾನು, ಗಂಡ, ಮಗಳು, ಜೊತೆಗೆ ಎರಡು ವರ್ಷದಿಂದ ನನ್ನ ಅವ್ವ. ನಮ್ಮದು ಬಾಗಲಕೋಟೆ ಕಡೆಯ ಊರು. ಅಲ್ಲಿ ಅವ್ವ ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಓಣಿಯಲ್ಲಿ ಕೂಸು ಹುಟ್ಟಿದರೂ ಅವ್ವನ ಕೌದಿ, ಮದುವೆಯಾದರೂ ಅವ್ವನ ಕೌದಿ. ನನ್ನ ಕೆಲಸ ಸೂಜಿಗೆ ದಾರ ಪೋಣಿಸುವುದು, ಅವಳು ಹಾಕಿದ ಸಾಲಿನ ಪಕ್ಕ ಇನ್ನೊಂದು ಸಾಲು ಹಾಕುವುದು. ಬೆಂಗಳೂರಿಗೆ ಬಂದ ಮೇಲೂ ಚಿಕ್ಕಪುಟ್ಟದ್ದು ಹೊಲಿಯುತ್ತಿದ್ದೆ. ಕೆಲಸ ಹೆಚ್ಚಾಯಿತು, ಸೂಜಿ ಡಬ್ಬಿ ಸೇರಿತು.

ಹೋದ ವರ್ಷದ ಚಳಿಗಾಲದಲ್ಲಿ ಅವ್ವನ ಬೆರಳುಗಳು ಪೂರ್ತಿ ಸೊಟ್ಟಗಾದವು. ಒಂದು ದಿನ ಬ್ಲಾಂಕೆಟ್ ಹೊದ್ದು ಕೂತವಳು ಅಂದಳು: "ಊರ ಮಂದಿಗೆಲ್ಲ ಹೊಲದೆ. ನನಗಂತ ಯಾರೂ ಒಂದು ಕೌದಿ ಹೊಲೀಲಿಲ್ಲ ನೋಡು. ಮುಂದಿನ ಥಂಡಿ ದಾಟತೀನೋ ಇಲ್ಲೋ. ಅಷ್ಟರಾಗ ನಿನ್ನ ಕೈಲೆ ಹೊಲದದ್ದು ಹೊಚಗೊಂಡು ಮಲಗಬೇಕಂತ ಆಸೆ ಐತಿ."

ನಮ್ಮ ಮನೆಯಲ್ಲಿ ಅವಳ ಕೌದಿ ಹೊದೆಯದವರೇ ಇಲ್ಲ, ಅವಳಿಗೆ ಮಾತ್ರ ಅಂಗಡಿಯ ಬ್ಲಾಂಕೆಟ್. ಆದರೆ ನನ್ನ ಬಾಯಿಂದ ಬಂದದ್ದು, "ಆಫೀಸಿನ ಕೆಲಸ ಭಾಳ ಐತಿ ಅವ್ವಾ, ನೋಡೋಣ." ಅವಳು ಮತ್ತೆ ಕೇಳಲಿಲ್ಲ.

ಅವಳಿಗೆ ಹೇಳದೆ ಹೊಲಿದು ಒಂದು ದಿನ ಎದುರಿಗಿಟ್ಟು ಬೆರಗುಗೊಳಿಸಬೇಕು ಎಂದು ಹಟ ಹುಟ್ಟಿತು. ಆದರೆ ಇಡೀ ಕೌದಿ ಹಾಸಿ ಕೂರಲು ಜಾಗವಿಲ್ಲ, ಹೊತ್ತಿಲ್ಲ, ಅವ್ವನ ಕಣ್ಣು ತಪ್ಪಿಸುವುದಂತೂ ಸಾಧ್ಯವೇ ಇಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಹಳೇ ಸೀರೆಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಮೂರು ಮೂರು ಪದರ ಜೋಡಿಸಿ, ಅಂಚು ಮಡಚಿ ಒಂದೊಂದೇ ಚೌಕ ಹೊಲಿಯುವುದು, ಕೊನೆಗೆ ಎಲ್ಲವನ್ನೂ ಸೇರಿಸುವುದು. ಚೌಕವಾದರೆ ಕೈಚೀಲದಲ್ಲಿ ಹಿಡಿಯುತ್ತದೆ. ಸಂಜೆ ಕಾಲೇಜಿನ ಬಸ್ಸು ಹೆಬ್ಬಾಳದ ಫ್ಲೈಓವರ್ ಬುಡದಲ್ಲಿ ಹೇಗೂ ಮುಕ್ಕಾಲು ಗಂಟೆ ನಿಲ್ಲುತ್ತದಲ್ಲ! ಊರೆಲ್ಲ ಶಪಿಸುವ ಆ ಜಾಮಿಗೆ ನಾನೊಬ್ಬಳು ಋಣಿಯಾದೆ. ಒಂದು ಸಲ ಬ್ರೇಕ್ ಬಿದ್ದು ಸೂಜಿ ಹೆಬ್ಬೆರಳಿಗೆ ಹೊಕ್ಕಾಗ "ಅಯ್ಯಯ್ಯೋ" ಎಂದೆ. ಡ್ರೈವರ್ ಕನ್ನಡಿಯಲ್ಲೇ ನೋಡಿ, "ಇನ್ಮೇಲೆ ಹೇಳ್ಬಿಟ್ಟೇ ಬ್ರೇಕ್ ಹಾಕ್ತೀನಿ ಬಿಡಿ ಮೇಡಂ" ಎಂದ.

ಯುಗಾದಿಗೆ ಶುರುಮಾಡಿದ್ದು ದಸರೆ ಹೊತ್ತಿಗೆ ನಲವತ್ತು ಚೌಕಗಳಾದವು. ರಜೆಯ ದಿನ ಟೀಪಾಯಿ ಸರಿಸಿ ಎಲ್ಲವನ್ನೂ ಹಾಲಿನಲ್ಲಿ ಹರವಿ, "ಅವ್ವಾ, ಬಾ ಇಲ್ಲಿ" ಎಂದು ಕೂಗಿದೆ.

ಅವ್ವ ಬಂದಳು. ಒಂದು ಚೌಕ ಎತ್ತಿ ಅಂಚು ಸವರಿದಳು. "ಇಷ್ಟು ಕಾಲೊರಸು ಯಾರಿಗೆ ಹೊಲದಿ?"

"ಕಾಲೊರಸು ಅಲ್ಲವ್ವಾ, ಕೌದಿ! ನಿನಗ!"

ಅವಳು ಮೆಲ್ಲಗೆ ಕೂತಳು. "ಹುಚ್ಚಿ, ಕೌದಿ ತುಂಡು ತುಂಡು ಹೊಲದು ಕೂಡಸೂದಲ್ಲ. ಮೊದಲ ಹಾಸಬೇಕು, ಅಂಚಿನಿಂದ ಸುತ್ತ ಹೊಲಕೋತ ನಡುವಕ್ಕ ಬರಬೇಕು. ಇಲ್ಲಿ ಎಲ್ಲಾ ಅಂಚೂ ಮಡಚಿ ಬಿಟ್ಟಿ. ಕೂಡಿಸಿದ ಕಡಿಗೆಲ್ಲ ಗಂಟು ಆಗತೈತಿ, ರಾತ್ರಿ ಮೈಗೆ ಒತ್ತತೈತಿ."

ಸೂಜಿಗೆ ದಾರ ಪೋಣಿಸಿಕೊಂಡೇ ಬೆಳೆದವಳು ನಾನು, ಒಮ್ಮೆಯೂ ಕೌದಿ ಹಾಸಿದವಳಲ್ಲ. ಹಾಸುವ ಕೆಲಸ ಯಾವಾಗಲೂ ಅವ್ವನದೇ ಆಗಿತ್ತು. ತಪ್ಪು ನನ್ನದೆಂದು ತಿಳಿದೇ ಸಿಟ್ಟು ನೆತ್ತಿಗೇರಿತು. "ನಾ ಏನ್ ಮನ್ಯಾಗ ಆರಾಮ ಕುಂತೀನೇನು? ಬಸ್ಸಿನ್ಯಾಗ ಕೈ ಚುಚ್ಚಿಸಿಕೊಂಡು ಹೊಲದೀನಿ!" ಎಂದು ಕಿರುಚಿದೆ. ಎಲ್ಲವನ್ನೂ ಒಂದು ಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿದೆ.

ಆಮೇಲಿನ ಎರಡು ವಾರ ಬಸ್ಸಿನಲ್ಲಿ ಸುಮ್ಮನೆ ಕಿಟಕಿ ನೋಡಿದೆ. ಕೈ ಖಾಲಿಯಾಗಿದ್ದರೆ ತಲೆ ತುಂಬಿಕೊಳ್ಳುತ್ತದೆ ಎಂಬುದು ಆಗ ತಿಳಿಯಿತು. ಕೌಂಟರಿಗೆ ಬಂದ ಹುಡುಗರ ಮೇಲೆ ಹರಿಹಾಯ್ದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮಗಳ ಮೇಲೆ ರೇಗಿದೆ. ಕೊನೆಗೆ ಗಂಡ ಕೈ ಮುಗಿದು, "ಆ ಸೂಜಿ ಮತ್ತ ಹಿಡಿ ನಮ್ಮವ್ವಾ, ನಾವು ಬದುಕ್ಕೋತೀವಿ" ಎಂದರು. ನಗು ಬಂತು, ಆದರೆ ಚೀಲ ಮುಟ್ಟಲಿಲ್ಲ. ಥಂಡಿ ಆಗಲೇ ಶುರುವಾಗಿತ್ತು. ಅವ್ವ ಬೆಳಿಗ್ಗೆ ಬೆರಳುಗಳನ್ನು ಟೀ ಲೋಟಕ್ಕೆ ಒತ್ತಿ ಕೂರುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನವೇ ಮನೆಗೆ ಬಂದೆ. ಹಾಲಿನಲ್ಲಿ ಅವ್ವ ಮತ್ತು ಕೆಳಗಿನ ಮನೆಯ ಓನರ್ ಆಂಟಿ ಎದುರಾಬದುರು ಕೂತಿದ್ದರು. ಆಂಟಿ ಈ ಊರಿನ ಹಳೇ ಒಕ್ಕಲು ಮನೆತನದವರು. ಬೀದಿಯಲ್ಲಿ ಅವರದೇ ನಾಲ್ಕು ಕಟ್ಟಡಗಳಿವೆ. ಅಂಥವರು ಕೈಯಲ್ಲಿ ಬ್ಲೇಡ್ ಹಿಡಿದು ನನ್ನ ಚೌಕಗಳ ಅಂಚು ಬಿಚ್ಚುತ್ತಿದ್ದರು.

"ಏನ್ ಕಣ್ರೀ ಇದು, ನಿಮ್ಮಮ್ಮ ನನ್ನ ಬಿಡ್ತಾನೇ ಇಲ್ಲ! ಕಾಫಿ ಕುಡ್ಯಕ್ ಬಾ ಅಂತ ಕರ್ದು ಬ್ಲೇಡ್ ಕೊಟ್ಟು ಕೂರ್ಸವ್ರೆ!"

ಅವ್ವ ತಲೆ ಎತ್ತಲಿಲ್ಲ. "ಅಂಚು ಅಷ್ಟ ತಪ್ಪೈತಿ. ನಡುವಿನ ಹೊಲಿಗಿ ಚಂದ ಐತಿ, ಅದನ್ಯಾಕ ಕೆಡಸೂದು? ಕೆಳಗೊಂದು ಸೀರಿ ಹಾಸಿ, ಇವನ್ನ ಒಂದರ ಅಂಚಿನ ಮ್ಯಾಲ ಇನ್ನೊಂದರ ಅಂಚು ಬರೂ ಹಂಗ ಇಟ್ಟು ಮ್ಯಾಲ ಹೊಲದರಾತು. ಸೀರಿ ಇವರು ಕೊಟ್ಟಾರ. ಕೈಕಾಲು ತೊಳಕೊಂಡು ಬಾ."

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಚೆನ್ನಾಗಿ ಅತ್ತು ಬಂದೆ.

ಅಂದಿನಿಂದ ಒಂದು ಲೆಕ್ಕ ಮಾಡಿಕೊಂಡೆವು. ಸಂಜೆ ನಾನು ಬಂದು ಅನ್ನಕ್ಕೆ ಕುಕ್ಕರ್ ಇಟ್ಟು ಹೊಲಿಯಲು ಕೂರುವುದು, ಅದು ಮೂರು ಸಲ ಕೂಗಿದ ಕೂಡಲೇ ಏಳುವುದು. ಅಷ್ಟರಲ್ಲಿ ಒಂದು ಸಾಲಾದರೆ ಸರಿ, ಅರ್ಧವಾದರೂ ಸರಿ. ಫಲಿತಾಂಶದ ವಾರದಲ್ಲಿ ನಾಲ್ಕೇ ಹೊಲಿಗೆ ಹಾಕಿ ಎದ್ದ ದಿನವೂ ಇದೆ. ಆದರೆ ಕೂರದ ದಿನವಿಲ್ಲ. ಅವ್ವ ಬಟ್ಟೆ ಜಾರದಂತೆ ಅಂಗೈ ಊರಿ ಕೂರುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಆಂಟಿ ಉದ್ದುದ್ದ ಹೊಲಿಗೆ ಹಾಕುತ್ತಿದ್ದರು. "ಹಲ್ಲು ಬಿದ್ದ ಬಾಯಿ ಆದಂಗ ಆಗೇತಿ" ಎಂದು ಅವ್ವ ಕಿಚಾಯಿಸಿದರೆ, "ನಾಳೆಯಿಂದ ಬರಲ್ಲ ಹೋಗ್ರೀ" ಎನ್ನುವರು. ಮರುದಿನ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು.

ಸಂಕ್ರಾಂತಿಗೆ ವಾರವಿರುವಾಗ ಕೊನೆಯ ಸಾಲು ನಡುವಿಗೆ ಬಂದು ಮುಟ್ಟಿತು. ಅವ್ವ ಅದನ್ನೇ ಹೊದ್ದು ಮಲಗಿದಳು. ಬೆಳಿಗ್ಗೆ ಏಳುತ್ತಲೇ ಅವಳ ಮಂಚದ ಹತ್ತಿರ ಹೋದೆ.

"ಹೆಂಗಿತ್ತವ್ವಾ?"

"ಭಾಳ ಭಾರ ಐತಿ. ಮೈಮ್ಯಾಲ ಎಮ್ಮಿ ಮಲಗಿದಂಗಾತು."

ನನಗೆ ರೇಗಿತು. ಒಂಬತ್ತು ತಿಂಗಳು ಬೆರಳು ಚುಚ್ಚಿಸಿಕೊಂಡು ಹೊಲಿದದ್ದಕ್ಕೆ ಸಿಕ್ಕ ಮಾತು ಇದು! ಏನೋ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೌದಿಯ ಅಂಚನ್ನು ಗಲ್ಲದವರೆಗೆ ಎಳೆದುಕೊಂಡು, ಚಾವಣಿ ನೋಡುತ್ತಾ ಅಂದಳು: "ಥಂಡಿಗೆ ಇದು ಇರಲಿ. ಮಳಿಗಾಲಕ್ಕ ಒಂದು ತೆಳ್ಳಂದು ಹೊಲಿ, ಎರಡ ಪದರಿಂದು. ಅದು ಮುಗದ ಮ್ಯಾಲ ಬರೂ ವರ್ಷದ ಬ್ಯಾಸಗಿಗೆ ಬರೇ ಒಂದು ದುಪ್ಪಟಿ ಸಾಕು."

ಮಳೆಗಾಲ, ಅದರಾಚೆಯ ಬೇಸಗೆ. ನಾನು ಅವಳ ಕಾಲ ಬಳಿ ಕೂತೆ. ಕಣ್ಣಲ್ಲಿ ನೀರು ತುಂಬಿ ಕೌದಿಯ ಹೊಲಿಗೆಗಳೆಲ್ಲ ಕಲಸಿಹೋದವು.

"ಯಾವ ಬಣ್ಣ ಬೇಕು, ಅಷ್ಟ ಹೇಳು" ಎಂದೆ.